ಎಣಿಕೆ ಸರಿ, ಮಗು ಎಲ್ಲಿ?

ಅಂಗನವಾಡಿಗೆ ಹೊರಟ ಪ್ರಶಿಕ್ಷಣಾರ್ಥಿಗಳು ಹಾಡು, ಕಥೆ, ಚಿತ್ರಪಟ ಎಲ್ಲವನ್ನೂ ಸಿದ್ಧ ಮಾಡಿಕೊಂಡಿರುತ್ತಾರೆ. ಮಕ್ಕಳ ಮೇಲೆ ನಿಗಾ ಇಡುವುದು ಹೇಗೆಂದು ಕೇಳಿದರೆ ಮಾತ್ರ ‘ಅದು ಅಕ್ಕೋರ ಕೆಲಸ’ ಎನ್ನುತ್ತಾರೆ. ಹಾರವಾಡದಂಥ ಊರಿನಲ್ಲಿ ಈ ಉತ್ತರ ನಡೆಯದು. ಒಂದು ಕಡೆ ಕಡಲು, ಇನ್ನೊಂದು ಕಡೆ ರಾಷ್ಟ್ರೀಯ ಹೆದ್ದಾರಿ 66, ಕೊಂಕಣ ರೈಲಿನ ಹಳಿ, ಹಿತ್ತಿಲಲ್ಲಿ ಬಾವಿ. ಮೀನಿನ ಬುಟ್ಟಿ ಹೊತ್ತು ಅಂಕೋಲೆಗೋ ಕಾರವಾರಕ್ಕೋ ಹೋಗುವ ತಾಯಿ ಮಗುವನ್ನು ಬಿಟ್ಟು ಹೋಗುವುದು ಹಾಡು ಕಲಿಯಲೆಂದು ಮಾತ್ರವಲ್ಲ.

ಕೆಲವು ವರ್ಷಗಳ ಹಿಂದೆ, ಕರಾವಳಿಯದೇ ಒಂದು ಕೇಂದ್ರದಲ್ಲಿ ನನ್ನ ಪ್ರಶಿಕ್ಷಣಾರ್ಥಿಯೊಬ್ಬಳು ಬೆಳಿಗ್ಗೆ ಹಾಜರಿ ಹಾಕಿದಳು: 18. ಊಟಕ್ಕೆ ಕೂರಿಸಿ ಎಣಿಸಿದಳು: 18. ನಾನೂ ತಲೆಯಾಡಿಸಿದೆ. ತುಸು ಹೊತ್ತಿನಲ್ಲಿ ಮಗುವೊಂದರ ತಾಯಿ ಬಂದು ನಿಂತಳು; ಮಗು ಇಲ್ಲ. ಮೊದಲು ಓಡಿದ್ದು ಬಾವಿಕಟ್ಟೆಗೆ. ಆಮೇಲೆ ತಿಳಿಯಿತು, ಅಂಗಳದಲ್ಲಿ ಆಡುತ್ತಿದ್ದ ಮಗುವನ್ನು ಅಜ್ಜಿ ಯಾರಿಗೂ ಹೇಳದೆ ಎತ್ತಿಕೊಂಡು ಹೋಗಿದ್ದಳು. ಊಟದ ಹೊತ್ತಿಗೆ ಪಕ್ಕದ ಶಾಲೆಯಿಂದ ಒಬ್ಬಳ ಅಣ್ಣ ಬಂದು ಸಾಲಿನಲ್ಲಿ ಕೂತಿದ್ದ. ಒಂದು ಹೋಗಿ ಒಂದು ಬಂದಿತ್ತು, ಲೆಕ್ಕ ತಪ್ಪಿರಲಿಲ್ಲ.

ಆದ್ದರಿಂದ ತಲೆ ಎಣಿಸಿದರೆ ಸಾಲದು, ಹೆಸರು ಹಿಡಿದು ಮುಖ ನೋಡಬೇಕು. ಅದೂ ಯಾವಾಗ? ಕಥೆ ಕೇಳುತ್ತ ಕೂತ ಮಗು ಕಳೆದುಹೋಗುವುದು ಅಪರೂಪ. ಕೈತಪ್ಪುವುದು ಒಂದು ಕೆಲಸದಿಂದ ಇನ್ನೊಂದಕ್ಕೆ ಸಾಗುವಾಗ: ಅಂಗಳದಿಂದ ಒಳಗೆ, ಕೈತೊಳೆಯಲು, ಮನೆಗೆ ಹೊರಡುವಾಗ. ಆಗ ದೊಡ್ಡವರ ಕೈಯಲ್ಲೂ ಕೆಲಸ, ಕಣ್ಣೂ ಕೆಲಸದ ಮೇಲೆ. ಹಾಜರಿ ಪುಸ್ತಕ ಬೆಳಿಗ್ಗೆಯ ಸತ್ಯವನ್ನಷ್ಟೇ ಹೇಳುತ್ತದೆ. ಅಂಗಳಕ್ಕೆ ಹೊರಡುವ ಮುನ್ನ, ಒಳಬಂದ ಕೂಡಲೇ, ಊಟಕ್ಕೆ ಕೂತಾಗ, ಮಲಗಿಸಿದಾಗ ಹೆಸರು ಕೂಗಲಿ. ಮಕ್ಕಳಿಗೆ ಅದೂ ಒಂದು ಆಟವೇ.

2013ರ ರಾಷ್ಟ್ರೀಯ ಪೂರ್ವ ಬಾಲ್ಯಾವಸ್ಥೆಯ ಆರೈಕೆ ಮತ್ತು ಶಿಕ್ಷಣ ನೀತಿಯ ಪ್ರಕಾರ ಮೂರು ವರ್ಷದೊಳಗಿನ 10 ಮಕ್ಕಳಿಗೆ, ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು ಬೇಕು. ಅಂಗನವಾಡಿಯಲ್ಲಿ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಸಹಾಯಕಿ ಒಲೆಯ ಮುಂದಿದ್ದರೆ ಉಳಿದವರು ಒಬ್ಬರೇ. ಪ್ರಶಿಕ್ಷಣಾರ್ಥಿ ಹೋದಾಗ ಇಬ್ಬರಾಗುತ್ತಾರೆಂದು ಭಾವಿಸುತ್ತೇವೆ, ಆದರೆ ‘ಆ ಕಡೆ ಅವರು ನೋಡುತ್ತಿದ್ದಾರೆ’ ಎಂದು ಇಬ್ಬರೂ ಅಂದುಕೊಳ್ಳುವ ಅಪಾಯವೂ ಆಗಲೇ ಹುಟ್ಟುವುದು. ‘ಅಕ್ಕೋರೆ, ನಾನು ಬಾಗಿಲ ಬಳಿ ಇದ್ದೇನೆ, ಶೌಚಾಲಯದ ಕಡೆ ನೀವು’ ಎಂದು ಬಾಯಿಬಿಟ್ಟು ಹೇಳಲು ಸಂಕೋಚ ಬೇಡ. ಬೆನ್ನು ಗೋಡೆಗಿರಲಿ, ಮುಖ ಮಕ್ಕಳ ಕಡೆಗಿರಲಿ. ಫೋನು ಚೀಲದಲ್ಲಿರಲಿ.

ಬಾಂಗ್ಲಾದೇಶದಲ್ಲಿ ಪುಟ್ಟ ಮಕ್ಕಳು ನೀರಿಗೆ ಬೀಳುವುದು ಹೆಚ್ಚಾಗಿ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರೊಳಗೆ, ತಾಯಂದಿರಿಗೆ ಕೈಬಿಡುವಿಲ್ಲದ ಹೊತ್ತಿನಲ್ಲಿ, ಎಂದು ಕಂಡುಕೊಂಡು ಅದೇ ಹೊತ್ತಿಗೆ ‘ಆಂಚಲ್’ ಎಂಬ ಶಿಶುಪಾಲನಾ ಕೇಂದ್ರಗಳನ್ನು ನಡೆಸಿದರು. ಇಂಥ ಕೇಂದ್ರಗಳನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡುತ್ತದೆ. ನಮ್ಮ ಕರಾವಳಿಯ ಅಂಗನವಾಡಿಯೂ ಮಾಡುತ್ತಿರುವುದು ಅದೇ ಕೆಲಸ.

ಮಗುವನ್ನು ಒಪ್ಪಿಸುವ ವಿಷಯದಲ್ಲಿ ದಾಕ್ಷಿಣ್ಯ ಹೆಚ್ಚು. ಊರವರೆಲ್ಲ ಪರಿಚಿತರೇ, ಚಿಕ್ಕಪ್ಪನನ್ನು ಹೇಗೆ ತಡೆಯುವುದು? ಯಾರು ಕರೆದೊಯ್ಯಬಹುದೆಂದು ತಾಯಿಯಿಂದಲೇ ಮೊದಲು ಬರೆಸಿಕೊಂಡರೆ ‘ಪುಸ್ತಕದಲ್ಲಿ ಹೆಸರಿಲ್ಲವಲ್ಲ’ ಎನ್ನುವುದು ಸುಲಭ. ಕರೆದೊಯ್ದ ಸಮಯ, ಸಹಿ ಅದೇ ಪುಟದಲ್ಲಿರಲಿ.

ನಮ್ಮ ಪಾಠಯೋಜನೆಯಲ್ಲಿ ಉದ್ದೇಶ, ಚಟುವಟಿಕೆ, ಕಲಿಕೋಪಕರಣ, ಮೌಲ್ಯಮಾಪನಕ್ಕೆಲ್ಲ ಕಲಂ ಇದೆ. ಯಾರು ಎಲ್ಲಿ ನಿಲ್ಲುತ್ತಾರೆ ಎಂಬುದಕ್ಕಿಲ್ಲ. ಈ ಬಾರಿಯ ತಂಡಕ್ಕೆ ಆ ಕಲಂ ಗೀಚಿಕೊಂಡು, ಬಾಗಿಲು, ಶೌಚಾಲಯ, ಬಾವಿ ಗುರುತಿಸಿದ ಕೈನಕಾಶೆಯೊಂದನ್ನು ಜೊತೆಗೆ ಅಂಟಿಸಿ ತರಲು ಹೇಳಿದ್ದೇನೆ.