ಇನ್ಸುಲಿನ್ ಸೂಜಿ ಮತ್ತು ಲೈಂಗಿಕ ಹಾರ್ಮೋನುಗಳು

ಹೇಮಾವತಿ ನಾಲೆಯ ನೀರನ್ನು ಎಲ್ಲಿಂದ ತಿರುಗಿಸಬೇಕು ಎಂಬ ವಾದ ಗುಬ್ಬಿ, ಕುಣಿಗಲ್ಲಿನವರಿಗೆ ಚೆನ್ನಾಗಿ ಗೊತ್ತು. ಇನ್ಸುಲಿನ್ನಿನದೂ ಅಂಥದೇ ಕಥೆ. ಮೇದೋಜೀರಕ ಗ್ರಂಥಿ ಸ್ರವಿಸುವ ಇನ್ಸುಲಿನ್ ಪೋರ್ಟಲ್ ಅಭಿಧಮನಿಯ ಮೂಲಕ ಮೊದಲು ಯಕೃತ್ತಿಗೆ ಹೋಗುತ್ತದೆ. ಚರ್ಮದಡಿ ಚುಚ್ಚಿದ ಇನ್ಸುಲಿನ್ನಾದರೋ ಮೊದಲು ಇಡೀ ದೇಹದ ರಕ್ತಕ್ಕೆ ಸೇರುತ್ತದೆ; ಯಕೃತ್ತಿನ ಪಾಲು ತಗ್ಗುತ್ತದೆ.

ಇದಕ್ಕೂ ಲೈಂಗಿಕ ಹಾರ್ಮೋನಿಗೂ ಏನು ಸಂಬಂಧ? ರಕ್ತದಲ್ಲಿನ ಟೆಸ್ಟೋಸ್ಟಿರೋನಿನಲ್ಲಿ ಸ್ವತಂತ್ರವಾಗಿರುವುದು ಸುಮಾರು ಶೇಕಡ 2 ಮಾತ್ರ. ಉಳಿದದ್ದು ಪ್ರೋಟೀನುಗಳಿಗೆ ಅಂಟಿರುತ್ತದೆ. ಅವುಗಳಲ್ಲಿ ಬಿಗಿಯಾಗಿ ಹಿಡಿಯುವುದು ಎಸ್‌ಎಚ್‌ಬಿಜಿ. ಅದನ್ನು ತಯಾರಿಸುವುದು ಯಕೃತ್ತು. ಅಲ್ಲಿ ಇನ್ಸುಲಿನ್ ಹೆಚ್ಚಿದರೆ ತಯಾರಿಕೆ ಇಳಿಯುತ್ತದೆ.

ಟೈಪ್ 2 ಮಧುಮೇಹದಲ್ಲಿ, ಅದರಲ್ಲೂ ಬೊಜ್ಜಿದ್ದರೆ, ಎಸ್‌ಎಚ್‌ಬಿಜಿ ಕಡಿಮೆ. ಆದ್ದರಿಂದ ತುಮಕೂರಿನ ಪ್ರಯೋಗಾಲಯದ ವರದಿಯಲ್ಲಿ 'ಒಟ್ಟು ಟೆಸ್ಟೋಸ್ಟಿರೋನ್' ಕಡಿಮೆಯೆಂದಿದ್ದರೆ ಅಷ್ಟರಿಂದಲೇ ತೀರ್ಮಾನಿಸಲಾಗದು; ಸ್ವತಂತ್ರ ಭಾಗವೆಷ್ಟೆಂದು ನೋಡಬೇಕು. ಕೆಲವರಲ್ಲಿ ಅದೂ ನಿಜವಾಗಿ ಕಡಿಮೆ ಇರುತ್ತದೆ. (ಇಂಥ ಅಳತೆಗೆ ದಾರಿ ಮಾಡಿದವರು ಭೌತವಿಜ್ಞಾನಿ ರೋಸಲಿನ್ ಯಾಲೊ. ಬರ್ಸನ್ ಜೊತೆಗೂಡಿ ಅವರು ವಿಕಿರಣಶೀಲ ಅಯೊಡಿನ್ ಬಳಸಿ ಮೊದಲು ಅಳೆದದ್ದು ಇನ್ಸುಲಿನ್ನನ್ನೇ! 1977ರಲ್ಲಿ ಯಾಲೊಗೆ ನೊಬೆಲ್ ಬಂತು.)

ಟೈಪ್ 1 ಇರುವ ಹುಡುಗಿಯರಲ್ಲಿ ಚಿತ್ರ ಬೇರೆ. ಸೂಜಿಯ ಇನ್ಸುಲಿನ್ ಅಂಡಾಶಯಕ್ಕೆ ಹೆಚ್ಚಾಗಿ ಮುಟ್ಟಿ, ಅಲ್ಲಿ ಟೆಸ್ಟೋಸ್ಟಿರೋನ್ ಉತ್ಪಾದನೆಗೆ ಕುಮ್ಮಕ್ಕು ಕೊಡಬಲ್ಲದು. ಕೆಲವರಲ್ಲಿ ಮುಟ್ಟು ಏರುಪೇರಾಗುತ್ತದೆ, ಮುಖದಲ್ಲಿ ಕೂದಲು ಕಾಣಿಸುತ್ತದೆ. ಶಿಕ್ಷಕರೇ, ನಿಮ್ಮ ತರಗತಿಯಲ್ಲಿ ಅಂಥ ವಿದ್ಯಾರ್ಥಿನಿ ಸೂಜಿಯನ್ನೇ ದೂರಿ ಬಿಡಲು ಹೊರಟರೆ ತಡೆಯಿರಿ, ವೈದ್ಯರಲ್ಲಿಗೆ ಕಳುಹಿಸಿ. ಇನ್ಸುಲಿನ್ ಸಾಲದಿದ್ದರೆ ಮಿದುಳಿನಿಂದ ಅಂಡಾಶಯಕ್ಕೆ ಬರುವ ಸಂಕೇತವೇ ಕುಗ್ಗಿ ಮುಟ್ಟು ನಿಲ್ಲಬಹುದು. ಪೂರ್ತಿ ಬಿಟ್ಟರೆ ಕೆಲವೇ ದಿನಗಳಲ್ಲಿ ಜೀವಕ್ಕೇ ಅಪಾಯ.