ಪೋಕರ್: ಜಾಣ್ಮೆಯೋ, ಜೂಜೋ?



ಸೂರಃ ಅಲ್ ಮಾಇದದ 90 ಮತ್ತು 91ನೇ ಆಯತ್‌ಗಳಲ್ಲಿ ಅಲ್ಲಾಹನು ಮದ್ಯ ಮತ್ತು ಜೂಜನ್ನು ಜೊತೆಯಾಗಿ ಹೆಸರಿಸಿ, ಅವು ಶೈತಾನನ ಕೃತ್ಯಗಳೆಂದು ಎಚ್ಚರಿಸಿ, ಅವುಗಳಿಂದ ದೂರವಿರಲು ಆಜ್ಞಾಪಿಸಿದ್ದಾನೆ. ಖುತ್ಬಾದಲ್ಲಿ ನಾವು ಈ ವಿಷಯ ಎತ್ತಿದಾಗಲೆಲ್ಲ ಯುವಕರಿಂದ ಒಂದು ಪ್ರಶ್ನೆ ಬರುತ್ತದೆ: "ಉಸ್ತಾದ್, ಪೋಕರ್ ಬರೀ ಅದೃಷ್ಟದ ಆಟವಲ್ಲ. ಲೆಕ್ಕ ಗೊತ್ತಿದ್ದವನು ಗೆಲ್ಲುತ್ತಾನೆ. ಅದು ಹೇಗೆ ಹರಾಮ್?"

ಪ್ರಶ್ನೆ ಪ್ರಾಮಾಣಿಕವಾದದ್ದು. ಗದರಿಸಿ ಸುಮ್ಮನಾಗಿಸಿದರೆ ಅದು ಮಗನ ಮನಸ್ಸಿನಲ್ಲೇ ಉಳಿಯುತ್ತದೆ. ಮಗನಿಗೆ ಆಟ ಗೊತ್ತು, ತಂದೆ ತಾಯಿಗೆ ಗೊತ್ತಿಲ್ಲ ಎಂದಾದರೆ ಮನೆಯಲ್ಲಿ ಮಾತು ಮುಂದುವರಿಯುವುದಿಲ್ಲ. ಆದ್ದರಿಂದ ಆಟದ ನಿಯಮಗಳನ್ನೇ ಮೊದಲು ತಿಳಿಯೋಣ. ಉತ್ತರ ಅವುಗಳಲ್ಲೇ ಇದೆ.

ಹೆಚ್ಚು ಪ್ರಚಾರದಲ್ಲಿರುವ ಬಗೆಗೆ 'ಟೆಕ್ಸಾಸ್ ಹೋಲ್ಡೆಮ್' ಎಂದು ಹೆಸರು. ಅಮೆರಿಕದ ಟೆಕ್ಸಾಸ್‌ನಿಂದ ಬಂದದ್ದು. ನಮಗೆ ಗೊತ್ತಿರುವ ಅದೇ 52 ಇಸ್ಪೀಟು ಎಲೆಗಳು. ಪ್ರತಿಯೊಬ್ಬನಿಗೂ ಎರಡು ಎಲೆ ಮುಚ್ಚಿ ಹಂಚುತ್ತಾರೆ. ಅವನ್ನು ಅವನೊಬ್ಬನೇ ನೋಡಬಹುದು. ನಂತರ ಮೇಜಿನ ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ತೆರೆದಿಡುತ್ತಾರೆ: ಮೊದಲು ಒಟ್ಟಿಗೆ ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಕೈಯ ಎರಡು, ಮೇಜಿನ ಐದು, ಒಟ್ಟು ಏಳು ಎಲೆಗಳಲ್ಲಿ ಅತ್ಯುತ್ತಮ ಐದನ್ನು ಸೇರಿಸಿದವನು ಗೆದ್ದ. ಒಂದು ಜೋಡಿಗಿಂತ ಎರಡು ಜೋಡಿ ದೊಡ್ಡದು, ಅದಕ್ಕಿಂತ ಒಂದೇ ಅಂಕಿಯ ಮೂರು ಎಲೆ ದೊಡ್ಡದು. ಹೀಗೆ ಏರುತ್ತಾ, ಒಂದೇ ಗುರುತಿನ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು ಸೇರಿದರೆ ಅದೇ ಎಲ್ಲಕ್ಕಿಂತ ಮೇಲೆ.

ಇಷ್ಟೇ ಆಗಿದ್ದರೆ ಇದು ಮಕ್ಕಳ ಕಾಲಕ್ಷೇಪ. ಆದರೆ ಪೋಕರ್ ಇರುವುದು ಎಲೆಯಲ್ಲಿ ಅಲ್ಲ, ಹಣದಲ್ಲಿ. ಎಲೆ ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ ಮಧ್ಯಕ್ಕೆ ಹಣ ಹಾಕಬೇಕು. ಇದಕ್ಕೆ 'ಬ್ಲೈಂಡ್' ಎನ್ನುತ್ತಾರೆ. ಆ ಸರದಿ ಎಲ್ಲರಿಗೂ ಬರುತ್ತದೆ. ಅಂದರೆ ಸುಮ್ಮನೆ ಕುಳಿತರೂ ಹಣ ಕರಗುತ್ತದೆ. ಕೈಗೆ ಎರಡು ಎಲೆ ಬಂದಾಗ ಒಮ್ಮೆ, ಮೇಜಿನ ಮೂರು ಎಲೆ ತೆರೆದಾಗ ಒಮ್ಮೆ, ನಾಲ್ಕನೆಯದಕ್ಕೆ, ಐದನೆಯದಕ್ಕೆ, ಹೀಗೆ ನಾಲ್ಕು ಸಲ ಪಣ ಕಟ್ಟುವ ಸುತ್ತು ಬರುತ್ತದೆ. ಮುಂದಿನವನು ಏರಿಸಿದರೆ ಅಷ್ಟೇ ಹಾಕಬೇಕು, ಇಲ್ಲವೇ ಇನ್ನೂ ಏರಿಸಬೇಕು, ಇಲ್ಲವೇ ಎಲೆ ಕೆಳಗಿಟ್ಟು ಅದುವರೆಗೆ ಹಾಕಿದ್ದನ್ನು ಬಿಟ್ಟುಕೊಡಬೇಕು. ಕೈಯಲ್ಲಿ ಏನೂ ಇಲ್ಲದವನು ದೊಡ್ಡ ಮೊತ್ತ ಹಾಕಿ ಇತರರನ್ನು ಹೆದರಿಸಿ ಎಬ್ಬಿಸುವುದೂ ಉಂಟು. ಅದೇ 'ಬ್ಲಫ್'. ಮಧ್ಯದ ರಾಶಿ ಕೊನೆಗೆ ಉಳಿದವನಿಗೆ ಸೇರುತ್ತದೆ.

ಈಗ ಪ್ರಶ್ನೆಗೆ ಬರೋಣ. ಇದರಲ್ಲಿ ಜಾಣ್ಮೆ ಇಲ್ಲವೇ? ಇದೆ. ಯಾವಾಗ ಎಲೆ ಕೆಳಗಿಡಬೇಕು, ಎದುರಿನವನ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವುದು, ಸಂಭವದ ಲೆಕ್ಕ, ಇವೆಲ್ಲ ಕಲಿಯುವ ವಿದ್ಯೆಗಳೇ. ಆದರೆ ಕೈಗೆ ಯಾವ ಎಲೆ ಬರಬೇಕೆಂಬುದು ಯಾರ ಜಾಣ್ಮೆಯಲ್ಲೂ ಇಲ್ಲ. ಮೊದಲ ಎರಡೂ ಎಲೆ ಎಕ್ಕವಾಗಿ ಬರುವುದು ಸರಾಸರಿ 221 ಹಂಚಿಕೆಗೆ ಒಮ್ಮೆ.

ಆದರೂ ನಮ್ಮ ಉತ್ತರ ಈ ಲೆಕ್ಕದ ಮೇಲೆ ನಿಂತಿಲ್ಲ. ಉಲಮಾಗಳು ಜೂಜನ್ನು ಗುರುತಿಸುವುದು ಮುಖ್ಯವಾಗಿ ಒಂದು ಲಕ್ಷಣದಿಂದ: ಸೇರಿದವರೆಲ್ಲ ತಮ್ಮ ಹಣವನ್ನು ಪಣಕ್ಕಿಡುತ್ತಾರೆ, ಒಬ್ಬನ ಲಾಭ ಇನ್ನೊಬ್ಬನ ನಷ್ಟವೇ ಆಗಿರುತ್ತದೆ. ವ್ಯಾಪಾರಿ ಹಣ ಪಡೆದಾಗ ಗಿರಾಕಿಯ ಕೈಗೆ ಅಕ್ಕಿಯೋ ಬಟ್ಟೆಯೋ ಬರುತ್ತದೆ. ಪೋಕರ್ ಮೇಜಿನಲ್ಲಿ ಸೋತವನ ಕೈಗೆ ಏನು ಬಂತು? ಏನೂ ಇಲ್ಲ. ಅಲ್ಲಿಯ ಜಾಣ್ಮೆ ಎಂದರೆ ಸಹೋದರನ ಹಣವನ್ನು ಏನೂ ಕೊಡದೆ ತೆಗೆದುಕೊಳ್ಳುವ ಜಾಣ್ಮೆ. ಇಬ್ಬರೂ ಒಪ್ಪಿ ಆಡಿದರು ಎಂಬುದರಿಂದ ಅದು ಹಲಾಲ್ ಆಗುವುದಿಲ್ಲ. ಬಡ್ಡಿಯೂ ಒಪ್ಪಿಗೆಯಿಂದಲೇ ನಡೆಯುತ್ತದೆ.

ಅಜ್ಞಾನ ಕಾಲದ ಅರಬರ 'ಮೈಸಿರ್' ಹೇಗಿತ್ತೆಂದು ತಿಳಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂಟೆಯೊಂದನ್ನು ಕೊಯ್ದು ಮಾಂಸ ಪಾಲು ಮಾಡಿ, ಹತ್ತು ಬಾಣಗಳಿಂದ ಚೀಟಿ ಎತ್ತುತ್ತಿದ್ದರು. ಏಳು ಬಾಣಗಳಿಗೆ ಪಾಲು ಇತ್ತು, ಮೂರಕ್ಕೆ ಇರಲಿಲ್ಲ. ಸೋತವರು ಒಂಟೆಯ ಬೆಲೆ ಕೊಡಬೇಕಿತ್ತು. ಗೆದ್ದವರು ಆ ಮಾಂಸವನ್ನು ಬಡವರಿಗೆ ಹಂಚಿ ಅದನ್ನೇ ಹೆಮ್ಮೆ ಎಂದುಕೊಳ್ಳುತ್ತಿದ್ದರು. ಜೂಜಿನಲ್ಲಿ ಜನರಿಗೆ ಒಂದಿಷ್ಟು ಪ್ರಯೋಜನವಿದ್ದರೂ ಅದರ ಪಾಪವೇ ದೊಡ್ಡದೆಂದು ಅಲ್ ಬಕರದ 219ನೇ ಆಯತ್ ತಿಳಿಸುತ್ತದೆ. ಬಡವರ ಹೊಟ್ಟೆ ತುಂಬಿಸಿದ ಜೂಜೇ ನಿಷಿದ್ಧವಾದ ಮೇಲೆ, ಆ್ಯಪ್ ಕಂಪೆನಿಯ ಹೊಟ್ಟೆ ತುಂಬಿಸುವ ಜೂಜಿನ ಬಗ್ಗೆ ಏನು ಹೇಳೋಣ?

ಹೌದು, ನಿಜವಾಗಿ ಗೆಲ್ಲುವುದು ಆಟ ನಡೆಸುವವನು. ಪ್ರತಿ ರಾಶಿಯಿಂದ ಅವನು ತನ್ನ ಪಾಲು ಮುರಿದುಕೊಳ್ಳುತ್ತಾನೆ. ಒಂಬತ್ತು ಜನ ತಲಾ 1,000 ರೂಪಾಯಿ ತಂದರು ಎಂದಿಟ್ಟುಕೊಳ್ಳಿ, ಒಟ್ಟು 9,000. ಸರಾಸರಿ ರಾಶಿ 200 ರೂಪಾಯಿ, ಪಾಲು ಶೇಕಡಾ 5, ಗಂಟೆಗೆ 60 ಆಟ. ಗಂಟೆಗೆ 600 ರೂಪಾಯಿ ಹೋಯಿತು. ಇದೇ ರೀತಿ ಮುಂದುವರಿದರೆ 15 ಗಂಟೆಗಳಲ್ಲಿ ಒಂಬತ್ತೂ ಜನರ ಹಣ ಅವನದೇ.

ನ್ಯಾಯಾಲಯಗಳಲ್ಲಿ ಜಾಣ್ಮೆ, ಅದೃಷ್ಟ ಎಂಬ ಈ ವಾದ ಬಹಳ ಕಾಲ ನಡೆದಿದೆ. ಕರ್ನಾಟಕ 2021ರಲ್ಲಿ ತಂದ ಆನ್‌ಲೈನ್ ಜೂಜು ನಿಷೇಧದ ತಿದ್ದುಪಡಿಯನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು, ಜಾಣ್ಮೆಯದಾಗಲಿ ಅದೃಷ್ಟದ್ದಾಗಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನು ನಿಷೇಧಿಸಿತು. ನಮಗೆ ಮಾತ್ರ ಕಾನೂನು ಬದಲಾದಾಗ ಬದಲಾಗುವ ತೀರ್ಪು ಇಲ್ಲ. ಹಣವಿಲ್ಲದೆ ಬರೀ ಚಿಪ್ಪುಗಳಿಂದ ಆಡುವ ಆ್ಯಪ್‌ಗಳೂ ಇವೆ. ಅವು ಕಲಿಸುವುದು ಪಣ ಏರಿಸುವ ಅಭ್ಯಾಸವನ್ನೇ. ಜೂಜಾಡೋಣ ಬಾ ಎಂದು ಗೆಳೆಯನನ್ನು ಕರೆದವನು ಸದಕಾ ಕೊಡಲಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಬರೀ ಕರೆಯುವುದೇ ಇಷ್ಟು ಗಂಭೀರವಾದರೆ, ಆ ದಾರಿಯ ತರಬೇತಿಯಿಂದಲೂ ದೂರವಿರುವುದೇ ಲೇಸು.

ಈಗಾಗಲೇ ಸಿಲುಕಿದವರಿಗೆ ಒಂದು ಮಾತು. ಸೋತದ್ದನ್ನು ಆಡಿಯೇ ಮರಳಿ ಪಡೆಯುತ್ತೇನೆ ಎಂಬ ಯೋಚನೆಯೇ ಸಾಲದ ಬಾಗಿಲು. ಆ ಹಣವನ್ನು ಹೋದದ್ದೆಂದೇ ಬಿಟ್ಟು ತೌಬಾ ಮಾಡಿ. ಗೆದ್ದ ಹಣ ಕೈಯಲ್ಲಿದ್ದರೆ, ಕೊಟ್ಟವನು ಗೊತ್ತಿದ್ದರೆ ಅವನಿಗೆ ಮರಳಿಸಿ. ಗೊತ್ತಿಲ್ಲದಿದ್ದರೆ ಪ್ರತಿಫಲದ ಆಸೆಯಿಲ್ಲದೆ ಬಡವರಿಗೆ ಕೊಟ್ಟುಬಿಡಿ. ಸಾಲವಿದ್ದರೆ ಮನೆಯವರಿಂದ ಮುಚ್ಚಿಡಬೇಡಿ.

ತಂದೆ ತಾಯಂದಿರೇ, ಮಗ ಬಂದು ತಪ್ಪು ಹೇಳಿಕೊಂಡ ದಿನ ಅವನನ್ನು ಮನೆಯಿಂದ ಹೊರಗೆ ಕಳಿಸಬೇಡಿ. ಮೊದಲು ಕೂರಿಸಿ, ಯಾರಿಗೆ ಎಷ್ಟು ಕೊಡಬೇಕೆಂದು ಕೇಳಿ ಬರೆದುಕೊಳ್ಳಿ. ಉಳಿದ ಬುದ್ಧಿಮಾತು ಆಮೇಲೆ ಹೇಳಬಹುದು. ಅಲ್ಲಾಹನು ನಮ್ಮೆಲ್ಲರ ಸಂಪಾದನೆಯಲ್ಲಿ ಬರಕತ್ ನೀಡಲಿ, ನಮ್ಮ ಮಕ್ಕಳನ್ನು ಹರಾಮಿನಿಂದ ಕಾಪಾಡಲಿ. ಆಮೀನ್.