ಅರಸ ಬಿಟ್ಟುಕೊಟ್ಟ 36 ಪಾಲು

ಇಂಗ್ಲೆಂಡಿನ ಅರಸ ಮೊದಲನೇ ಚಾರ್ಲ್ಸ್ 1631ರಲ್ಲಿ ಲಂಡನ್ನಿನ ಒಂದು ನೀರಿನ ಕಂಪನಿಯಲ್ಲಿದ್ದ ತನ್ನ ಅರ್ಧ ಪಾಲನ್ನು ಬಿಟ್ಟುಕೊಟ್ಟು, ಬದಲಿಗೆ ವರ್ಷಕ್ಕೆ 500 ಪೌಂಡ್ ಸಾಕೆಂದ. ಮುಂದೆ ಆ ಪಾಲುಗಳಿಗೆ ಬಂದ ಬೆಲೆ ನೋಡಿದರೆ ಎಂಥ ದಡ್ಡ ಅನ್ನಿಸುತ್ತದೆ. ಆದರೆ ಆ ಹೊತ್ತಿನ ಲೆಕ್ಕ ಅವನ ಪರವಾಗಿಯೇ ಇತ್ತು.

ಕಂಪನಿಯ ಹೆಸರು ನ್ಯೂ ರಿವರ್. ಹೆಸರಿನಲ್ಲಿ ನದಿ ಇದ್ದರೂ ಅದು ಕೈಯಿಂದ ತೋಡಿದ ಕಾಲುವೆ. ಹರ್ಟ್‌ಫರ್ಡ್‌ಶೈರ್‌ನ ವೇರ್ ಪಟ್ಟಣದ ಬಳಿ ಇರುವ ಚಾಡ್‌ವೆಲ್ ಮತ್ತು ಆಮ್‌ವೆಲ್ ಒರತೆಗಳ ನೀರನ್ನು ಇಸ್ಲಿಂಗ್ಟನ್ನಿನ ಕೊಳಕ್ಕೆ ತಂದು, ಅಲ್ಲಿಂದ ಎಲ್ಮ್ ಮರದ ಕೊಳವೆಗಳಲ್ಲಿ ಮನೆಮನೆಗೆ ಹರಿಸುತ್ತಿದ್ದರು. ನೇರ ದಾರಿ ಸುಮಾರು 20 ಮೈಲಿ, ಕಾಲುವೆ ಮಾತ್ರ 38 ಮೈಲಿಗೂ ಹೆಚ್ಚು. ಏರುತಗ್ಗುಗಳ ಅಂಚು ಹಿಡಿದು ಬಳಸಿ ಬಂದದ್ದರಿಂದ ಅಷ್ಟು ಉದ್ದ. ಅಷ್ಟೂ ದೂರಕ್ಕೆ ಇಳಿಜಾರು ಸುಮಾರು 18 ಅಡಿ, ಅಂದರೆ ಕಿಲೋಮೀಟರಿಗೆ 9 ಸೆಂಟಿಮೀಟರಿನಷ್ಟು. ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಮೇಲೆತ್ತಿ ತರಿಸಿಕೊಳ್ಳುವ ಬೆಂಗಳೂರಿಗರಿಗೆ ಈ ಅಂಕಿಯ ಬೆಲೆ ಬೇಗ ತಿಳಿದೀತು. ನ್ಯೂ ರಿವರ್‌ನಲ್ಲಿ ನೀರು ತಾನಾಗಿ ಹರಿದು ಬರುತ್ತಿತ್ತು. ಆ ಕಾಲದ ಉಪಕರಣಗಳಿಂದ ಇಷ್ಟು ಸೂಕ್ಷ್ಮ ಇಳುಕಲನ್ನು ಕಾಯ್ದುಕೊಂಡವರಿಗೆ ನಾನು ಮನಸಾರೆ ತಲೆಬಾಗುತ್ತೇನೆ.

ಯೋಜನೆ ಮೊದಲು ಹೊಳೆದದ್ದು ಎಡ್ಮಂಡ್ ಕೋಲ್ಟ್‌ಹರ್ಸ್ಟ್‌ಗೆ. 1604ರಲ್ಲಿ ಆಗಿನ ಅರಸ, ಚಾರ್ಲ್ಸ್‌ನ ತಂದೆ ಮೊದಲನೇ ಜೇಮ್ಸ್‌ನ ಅನುಮತಿ ಪಡೆದು ಕೆಲವೇ ಮೈಲಿ ತೋಡುವಷ್ಟರಲ್ಲಿ ಅವನ ಹಣ ಮುಗಿಯಿತು. 1609ರಲ್ಲಿ ಕೆಲಸ ವಹಿಸಿಕೊಂಡವನು ವೇಲ್ಸ್ ಮೂಲದ ಚಿನಿವಾರ ಹ್ಯೂ ಮಿಡಲ್ಟನ್. ಜಮೀನುದಾರರು ಅಡ್ಡ ನಿಂತು ಕೆಲಸ ನಿಂತಾಗ, 1612ರಲ್ಲಿ ಜೇಮ್ಸ್ ಅರ್ಧ ಖರ್ಚು ಹಾಕಿ ಅರ್ಧ ಲಾಭ ಪಡೆಯಲು ಒಪ್ಪಿದ. 1613ರ ಸೆಪ್ಟೆಂಬರ್ 29ರಂದು ಇಸ್ಲಿಂಗ್ಟನ್ನಿಗೆ ನೀರು ಬಂತು. 1619ರಲ್ಲಿ ಕಂಪನಿಗೆ ಸನ್ನದು ಸಿಕ್ಕಿತು.

ಒಟ್ಟು ಖರ್ಚು ಸುಮಾರು 18,500 ಪೌಂಡ್. ಪಾಲು 72, ಅರಸನವು 36, ಉಳಿದವರವು 36. ಹಾಗಾಗಿ ಪಾಲೊಂದಕ್ಕೆ ಬಿದ್ದದ್ದು ಸುಮಾರು 257 ಪೌಂಡ್. ಮೊದಲ ಲಾಭಾಂಶ ಬಂದದ್ದು 1633ರಲ್ಲಿ, ನೀರು ಬಂದ ಇಪ್ಪತ್ತು ವರ್ಷಕ್ಕೆ: ಪಾಲಿಗೆ 3 ಪೌಂಡ್ 4 ಷಿಲಿಂಗ್ 2 ಪೆನ್ಸ್. ಹಾಕಿದ ಹಣದ ಮೇಲೆ ನೂರಕ್ಕೆ ಒಂದೂಕಾಲು. ಆ ದರದಲ್ಲಿ 36 ಪಾಲಿಗೆ ಸಿಗುತ್ತಿದ್ದದ್ದು 115 ಪೌಂಡ್ ಚಿಲ್ಲರೆ. ಚಾರ್ಲ್ಸ್ ಅದರ ನಾಲ್ಕು ಪಟ್ಟಿಗೂ ಮೀರಿ ಗಿಟ್ಟಿಸಿಕೊಂಡಿದ್ದ.

ತಕ್ಕಡಿ ವಾಲಿದ್ದು ಏಳೇ ವರ್ಷಗಳಲ್ಲಿ. 1640ರಲ್ಲಿ ಪಾಲಿಗೆ 33 ಪೌಂಡ್ 2 ಷಿಲಿಂಗ್ 8 ಪೆನ್ಸ್ ಬಂತು. 36 ಪಾಲಿಗೆ ಅದು ಸುಮಾರು 1,193 ಪೌಂಡ್. 1700ರಲ್ಲಿ ಪಾಲಿಗೆ 201 ಪೌಂಡಿಗೂ ಮಿಕ್ಕಿತ್ತು, ಅಂದರೆ 36ಕ್ಕೆ 7,200 ಪೌಂಡಿನ ಮೇಲೆ. ದುಡ್ಡಿಗಾಗಿ ಒದ್ದಾಡುತ್ತಿದ್ದ ಚಾರ್ಲ್ಸ್‌ಗೆ ಅಷ್ಟು ವರ್ಷ ಕಾಯುವ ಶಕ್ತಿ ಇರಲಿಲ್ಲ. ಕಾದವರ ಪೈಕಿ ಒಬ್ಬರ ಪಾಲು 1889ರ ಹರಾಜಿನಲ್ಲಿ 1,22,800 ಪೌಂಡಿಗೆ ಹೋಯಿತು. ಮೂಲ ಯೋಜಕ ಕೋಲ್ಟ್‌ಹರ್ಸ್ಟ್‌ಗೆ ದಕ್ಕಿದ್ದು ನಾಲ್ಕು ಪಾಲು. ಮೊದಲ ಲಾಭಾಂಶ ಬರುವ ಹೊತ್ತಿಗೆ ಅವನು ಬದುಕಿರಲಿಲ್ಲ.